ಮಿತವ್ಯಯದಲ್ಲಿ ಯೂರೋಪು ಪ್ರವಾಸ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಪುತ್ತೂರಿನಲ್ಲಿ ದಶಕಗಳ ಕಾಲ ನೆಲಸಿ ಬಾಲವನವನ್ನು ಕಟ್ಟಿದ ಡಾ. ಶಿವರಾಮ ಕಾರಂತರು ಈ ಎರಡನ್ನೂ ಸಾಧಿಸಿದವರು. ಯೂರೋಪನ್ನು ಸಂಚರಿಸಿ ಬಂದು ಅವರು ಬರೆದ ‘ಅಪೂರ್ವ ಪಶ್ಚಿಮ’ವು ಕನ್ನಡ ಪ್ರವಾಸ ಸಾಹಿತ್ಯದ ಗಣ್ಯ ಕೃತಿಗಳಲ್ಲೊಂದು. ಆದರೂ ಯೂರೋಪು ಪ್ರವಾಸವೆಂದರೆ ಧನಿಕರ ವಿಲಾಸವೆಂಬ ಭಾವನೆ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಅನೇಕ ಅಡಕೆ ಕೃಷಿಕರ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಈ ಭಾವನೆ ಅರ್ಧಸತ್ಯ. ವಿಮಾನದ ದರವನ್ನು ಬಡವನೂ ತೆರಲೇಬೇಕು. ಆದರೆ ಅಲ್ಲಿ ಇಳಿದ ಮೇಲಿನ ವಸತಿ, ಸಂಚಾರ, ಆಹಾರಗಳ ವೆಚ್ಚವು ಬಹುಮಟ್ಟಿಗೆ ಪ್ರವಾಸಿಯ ವಿವೇಕವನ್ನು ಅವಲಂಬಿಸಿದೆ.

ಮೊದಲನೆಯದು ಪ್ರವೇಶಾನುಮತಿ. 1985ರಲ್ಲಿ ಷೆಂಗೆನ್ ಎಂಬ ಗ್ರಾಮದಲ್ಲಿ ಆರಂಭವಾದ ಒಪ್ಪಂದದ ಫಲವಾಗಿ ಇಂದು 29 ರಾಷ್ಟ್ರಗಳಿಗೆ ಒಂದೇ ವೀಸಾ ಸಾಲುತ್ತದೆ. ವಯಸ್ಕರಿಗೆ ಅದರ ಶುಲ್ಕ 2024ರ ಜೂನ್ ತಿಂಗಳಿಂದ 90 ಯೂರೋ. ಬ್ರಿಟನ್ ಈ ಗುಂಪಿನಲ್ಲಿಲ್ಲ. ಲಂಡನ್ನನ್ನೂ ನೋಡಬಯಸುವವರಿಗೆ ಎರಡನೆಯ ವೀಸಾದ ವೆಚ್ಚ ತಪ್ಪದು. ಆದುದರಿಂದ ನೆರೆಹೊರೆಯ ಎರಡು ಮೂರು ದೇಶಗಳನ್ನು ಮಾತ್ರ ಆರಿಸಿಕೊಂಡು, ಬೇಸಗೆಯ ಜನಸಂದಣಿ ಕರಗಿದ ಮೇಲೆ ಹೊರಡುವುದು ಲೇಸು.

ಎರಡನೆಯದು ವಸತಿ. ರಿಚರ್ಡ್ ಷಿರ್ಮನ್ ಎಂಬ ಜರ್ಮನ್ ಶಾಲಾ ಶಿಕ್ಷಕರು 1909ರಲ್ಲಿ ವಿದ್ಯಾರ್ಥಿಗಳೊಡನೆ ಕಾಲ್ನಡಿಗೆಯ ಪ್ರವಾಸದಲ್ಲಿದ್ದಾಗ ಬಿರುಮಳೆಗೆ ಸಿಕ್ಕಿ, ಒಂದು ಶಾಲಾ ಕಟ್ಟಡದಲ್ಲಿ ರಾತ್ರಿ ಕಳೆದರು. ರಜೆಯಲ್ಲಿ ಬರಿದಾಗಿರುವ ಶಾಲೆಗಳು ಸಂಚಾರಿ ಮಕ್ಕಳಿಗೆ ಆಶ್ರಯವೇಕಾಗಬಾರದೆಂಬ ಅವರ ಚಿಂತನೆಯಿಂದಲೇ ಯುವಜನ ವಸತಿನಿಲಯಗಳ ಚಳವಳಿ ಹುಟ್ಟಿತು. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಶಾಶ್ವತ ನಿಲಯ ತೆರೆಯಿತು. ಇಂದು ಯೂರೋಪಿನಾದ್ಯಂತ ಇರುವ ಇಂತಹ ನಿಲಯಗಳಲ್ಲಿ ಕೋಣೆಯನ್ನಲ್ಲ, ಒಂದು ಹಾಸಿಗೆಯನ್ನಷ್ಟೇ ಬಾಡಿಗೆಗೆ ಪಡೆಯಬಹುದು. ಸ್ಪೇನಿನ ಸಾಂತಿಯಾಗೊ ಕ್ಷೇತ್ರಕ್ಕೆ ನಡೆದುಹೋಗುವ ಯಾತ್ರಿಕರಿಗೆ ದಾರಿಯುದ್ದಕ್ಕೂ ಅಗ್ಗದ ಛತ್ರಗಳಿವೆ. ಅವುಗಳಲ್ಲಿ ಕೆಲವೆಡೆ ಗೊತ್ತಾದ ಬಾಡಿಗೆಯೇ ಇಲ್ಲ, ಯಾತ್ರಿಕನು ಶಕ್ತ್ಯನುಸಾರ ಕಾಣಿಕೆ ಸಲ್ಲಿಸುತ್ತಾನೆ. ದಾಸೋಹದ ಪರಂಪರೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಮೂರನೆಯದು ಸಂಚಾರ. ಕಬಕ-ಪುತ್ತೂರಿನಲ್ಲಾಗಲಿ, ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಾಗಲಿ ರಾತ್ರಿಯ ರೈಲನ್ನೇರಿ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿಯುವವನು ಒಂದು ರಾತ್ರಿಯ ಲಾಡ್ಜಿನ ಬಾಡಿಗೆಯನ್ನು ಉಳಿಸುತ್ತಾನೆ. ಇದೇ ಉಪಾಯ ಅಲ್ಲಿಯೂ ಸಲ್ಲುತ್ತದೆ. ಯೂರೋಪಿನ ಹೊರಗಿನವರಿಗಾಗಿ 1959ರಲ್ಲಿ ಆರಂಭವಾದ ಯೂರೇಲ್ ಪಾಸ್ ಅನೇಕ ದೇಶಗಳ ರೈಲುಗಳಲ್ಲಿ ನಡೆಯುತ್ತದೆ. ಆದರೆ ಫ್ರಾನ್ಸ್, ಸ್ಪೇನ್‌ಗಳ ವೇಗದ ರೈಲುಗಳಲ್ಲಿ ಆಸನ ಕಾದಿರಿಸಲು ಪ್ರತ್ಯೇಕ ಹಣ ತೆರಬೇಕಾದುದರಿಂದ ಲೆಕ್ಕ ಹಾಕದೆ ಅದನ್ನು ಕೊಳ್ಳಬಾರದು. ಕೆಲವೇ ಊರುಗಳನ್ನು ನೋಡುವವರಿಗೆ ಮುಂಗಡವಾಗಿ ಕೊಂಡ ಬಸ್ಸು ಟಿಕೆಟ್ಟೇ ಅಗ್ಗವಾಗಬಹುದು. ಲಕ್ಸೆಂಬರ್ಗ್ ದೇಶವಂತೂ 2020ರಲ್ಲಿ ತನ್ನ ಬಸ್ಸು, ಟ್ರಾಮು ಹಾಗೂ ಎರಡನೆಯ ದರ್ಜೆಯ ರೈಲುಗಳನ್ನು ಸರ್ವರಿಗೂ ಉಚಿತಗೊಳಿಸಿತು.

ಕಡೆಯದು ಆಹಾರ. ಹಲವು ವಸತಿನಿಲಯಗಳಲ್ಲಿ ಸಾಮೂಹಿಕ ಅಡುಗೆಮನೆಯಿದ್ದು, ಅಕ್ಕಿ ತರಕಾರಿಗಳನ್ನು ಕೊಂಡು ತಾನೇ ಬೇಯಿಸಿಕೊಂಡರೆ ಶಾಕಾಹಾರವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ. ಅವಲಕ್ಕಿ, ಚಟ್ನಿಪುಡಿಗಳು ಜೊತೆಗಿರಲಿ. ತುಪ್ಪ, ಪೇಡೆ ಮೊದಲಾದ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ಒಯ್ಯಲು ಅನುಮತಿಯಿಲ್ಲ.

ಇಷ್ಟಾದರೂ ತೋಟವನ್ನು ಅಡವಿಟ್ಟು ಹೋಗುವ ಪ್ರವಾಸ ಸಲ್ಲದು. ವರ್ಷಗಳ ಉಳಿತಾಯದಿಂದ, ತನ್ನ ಕಾಯಕದ ಫಲದಿಂದ ಕೈಗೊಂಡ ಯಾತ್ರೆಯೇ ಮನಸ್ಸಿಗೆ ನೆಮ್ಮದಿ ತರುವುದು. ಕಡಿಮೆ ಹಣದ ಪ್ರವಾಸಿಯು ಹಾಸಿಗೆಯನ್ನೂ ಒಲೆಯನ್ನೂ ಪರದೇಶದವರೊಡನೆ ಹಂಚಿಕೊಳ್ಳುತ್ತಾನೆ. ಗಾಜಿನ ಕಿಟಕಿಯಾಚೆ ಧನಿಕನು ಕಾಣದ ಜನಜೀವನ ಅವನಿಗೆ ಪರಿಚಯವಾಗುತ್ತದೆ. ಪ್ರಸಾದನಿಲಯದಲ್ಲಿ ಸಹಪಂಕ್ತಿಯಲ್ಲಿ ಉಂಡು ಬೆಳೆದ ವಿದ್ಯಾರ್ಥಿಗೆ ಈ ಬಾಳ್ವೆಯ ಶಿಕ್ಷಣ ಆಗಲೇ ದೊರೆತಿದೆ.