ಸೀರೆ ಮೇಲೆ ಸಹಿ ಯಾಕಿಲ್ಲ?

ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಗಾಡಿಗಳ ಬದಲು ಚಿತ್ರಗಳು ಸಾಲುಗಟ್ಟುತ್ತವೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಶುರು ಮಾಡಿದ ಚಿತ್ರಸಂತೆ ಇದು. ಗ್ಯಾಲರಿ ಇಲ್ಲ, ಮಧ್ಯವರ್ತಿ ಇಲ್ಲ. ಬರೆದವರೇ ಪಕ್ಕದಲ್ಲಿ ನಿಂತು ಮಾರುತ್ತಾರೆ.

ಒಬ್ಬ ಹುಡುಗ ಬ್ರಹ್ಮಗಿರಿಯ ಜಲವರ್ಣ ಚಿತ್ರ ಇಟ್ಟಿದ್ದ. ನಾನು ಚಳ್ಳಕೆರೆಯವನು. ಮೊಳಕಾಲ್ಮೂರು ತಾಲ್ಲೂಕಿನ ಆ ಬಂಡೆಗಳನ್ನ, ಅಲ್ಲಿರೋ ಅಶೋಕನ ಶಾಸನವನ್ನ ಸ್ಕೂಲ್ ಟ್ರಿಪ್‌ನಲ್ಲೇ ನೋಡಿದವನು. ಬೆಲೆ 3,000 ರೂಪಾಯಿ. ಅಭ್ಯಾಸಬಲ, "ಎರಡು ಸಾವಿರಕ್ಕೆ ಕೊಡ್ತೀರಾ?" ಅಂದೆ.

"ಕಾಗದ, ಬಣ್ಣ, ಫ್ರೇಮು, ಬಸ್ ಚಾರ್ಜಿಗೇ ಅರ್ಧ ಹೋಗುತ್ತೆ ಅಣ್ಣ. ಇನ್ನೂ ಬೋಣಿ ಆಗಿಲ್ಲ" ಅಂದ. ನಾಚಿಕೆಯಾಯ್ತು. ಪೂರ್ತಿ ಕೊಟ್ಟೆ.

ಮನೆಗೆ ಬಂದು ನೋಡಿದರೆ ಚಿತ್ರದ ಮೂಲೆಯಲ್ಲಿ ಅವನ ಸಹಿ. ಆಗ ಅಮ್ಮನ ಮೊಳಕಾಲ್ಮೂರು ರೇಷ್ಮೆ ಸೀರೆ ನೆನಪಾಯ್ತು. ಜಿಐ ಟ್ಯಾಗ್ ಊರಿನ ಹೆಸರನ್ನು ಕಾಯುತ್ತದೆ, ಸರಿ. ಆದರೆ ಮಗ್ಗದಲ್ಲಿ ಕೂತು ಆ ಅಂಚು ಮೂಡಿಸಿದವರ ಹೆಸರು ಎಲ್ಲೂ ಇಲ್ಲ. ಅವರೂ ಕಲಾವಿದರೇ ಅಲ್ವಾ?

ಮುಂದಿನ ಸೀರೆಗೆ ಮೊಳಕಾಲ್ಮೂರಿಗೇ ಹೋಗ್ತೀನಿ. ರೇಟು ಕೇಳೋ ಮೊದಲು ನೇಯ್ದವರ ಹೆಸರು ಕೇಳ್ತೀನಿ. ನೀವೂ ಕೇಳಿ ನೋಡಿ.