ಬರೆದುಕೊಡುವ ಯಂತ್ರವೂ ನಾಳಿನ ನಾಯಕರೂ

ಕಳೆದ ವರ್ಷ ಧರ್ಮಕೇಂದ್ರವೊಂದರ ಯುವ ಸಂಘಟನೆಯ ವಾರ್ಷಿಕ ಸಭೆಗೆ ನಾವು ಆಹ್ವಾನಿತರಾಗಿದ್ದೆವು. ಕಾರ್ಯದರ್ಶಿ ಓದಿದ ವರದಿ ಬಹಳ ಸೊಗಸಾಗಿತ್ತು. ಒಂದು ಅಕ್ಷರದೋಷವಿರಲಿಲ್ಲ; ವಾಕ್ಯಗಳು ಪೋಣಿಸಿಟ್ಟಂತಿದ್ದವು. ಚರ್ಚೆಗೆ ಅವಕಾಶ ಕೊಟ್ಟಾಗ ವಾಳೆಯ ಹಿರಿಯ ಗುರಿಕಾರರೊಬ್ಬರು ಎದ್ದು ನಿಂತು, "ಮಗಾ, ರಕ್ತದಾನ ಶಿಬಿರಕ್ಕೆ ನಮ್ಮ ವಾಳೆಯಿಂದ ಸ್ಪಂದನ ದೊರೆಯಲಿಲ್ಲ ಎಂದು ಓದಿದೆಯಲ್ಲ, ಯಾಕೆ ದೊರೆಯಲಿಲ್ಲ?" ಎಂದು ಕೇಳಿದರು. ಆ ತರುಣ ಕೈಯಲ್ಲಿದ್ದ ಹಾಳೆಗಳನ್ನು ಹಿಂದು ಮುಂದು ತಿರುವಿದ. ಹಾಳೆಗಳಲ್ಲಿ ಉತ್ತರವಿರಲಿಲ್ಲ. ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಅವನೇ ವಿಷಯ ತಿಳಿಸಿದ. ಕಾರ್ಯಕ್ರಮಗಳ ಪಟ್ಟಿಯನ್ನೂ ಹಾಜರಿಯ ಅಂಕಿಗಳನ್ನೂ ಮೊಬೈಲಿನಲ್ಲಿದ್ದ ಕೃತಕ ಬುದ್ಧಿಮತ್ತೆಗೆ, ಅಂದರೆ ಎ.ಐ.ಗೆ ಕೊಟ್ಟಿದ್ದನಂತೆ, ಒಂದು ನಿಮಿಷದಲ್ಲಿ ವರದಿ ಸಿದ್ಧವಾಗಿತ್ತಂತೆ. ಅವನು ಅದನ್ನು ಮುಚ್ಚಿಡಲಿಲ್ಲ ಎಂಬುದನ್ನು ಅವನ ಪರವಾಗಿ ಹೇಳಲೇಬೇಕು.

ನಾವು ಆ ತರುಣನನ್ನು ದೂರಲು ಹೊರಟಿಲ್ಲ. ದೊಡ್ಡ ಕಂಪೆನಿಗಳ ಅಧಿಕಾರಿಗಳು ಇಂದು ಮಾಡುತ್ತಿರುವುದೂ ಅದನ್ನೇ. ನಾಯಕರನ್ನು ತಯಾರು ಮಾಡುವ ವಿಧಾನವೇ ಈಗ ಬದಲಾಗುತ್ತಿದೆ. ಹಿಂದೆ ನಾಯಕತ್ವ ತರಬೇತಿ ಎಂದರೆ ಮೂರು ದಿನಗಳ ಶಿಬಿರ, ಒಂದು ಕರಿಹಲಗೆ, ಗುಂಪು ಚರ್ಚೆ, ಕೊನೆಗೊಂದು ಪ್ರಮಾಣಪತ್ರ. ಇಂದು ತರಬೇತುದಾರನ ಕುರ್ಚಿಯಲ್ಲಿ ಎ.ಐ. ಕುಳಿತಿದೆ. ಸಿಟ್ಟಿಗೆದ್ದ ನೌಕರನ ಪಾತ್ರವನ್ನು ಅದು ವಹಿಸುತ್ತದೆ. ಅವನನ್ನು ಸಮಾಧಾನಪಡಿಸುವುದನ್ನು ನಾವು ಅಭ್ಯಾಸ ಮಾಡಬಹುದು. ನಮ್ಮ ಭಾಷಣ ಕೇಳಿ ಎಲ್ಲಿ ಎಡವಿದೆವೆಂದು ತಿಳಿಸುತ್ತದೆ. ರಾತ್ರಿ ಹನ್ನೊಂದು ಗಂಟೆಗೆ ಕೇಳಿದರೂ ಬೇಸರಿಸುವುದಿಲ್ಲ. ಹಿಂದೆ ಕಂಪೆನಿಯ ಮುಖ್ಯಸ್ಥರಿಗಷ್ಟೇ ಲಭ್ಯವಿದ್ದ ಇಂಥ ಖಾಸಗಿ ಮಾರ್ಗದರ್ಶನ ಈಗ ಹಳ್ಳಿಯ ಪಿಯುಸಿ ವಿದ್ಯಾರ್ಥಿನಿಯ ಕೈಗೂ ಎಟಕುವಂತಾಗಿದೆ. ವೇದಿಕೆ ಹತ್ತಲು ಅಂಜುವ ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡು ಹತ್ತು ಸಲ ಅಭ್ಯಾಸ ಮಾಡಿ ಬರುವುದಾದರೆ ಅದು ಸಂತೋಷದ ಸಂಗತಿಯೇ.

ಲಾಭಕ್ಕೆ ಪುರಾವೆಯೂ ಉಂಟು. ಗ್ರಾಹಕರ ದೂರುಗಳಿಗೆ ಉತ್ತರಿಸುವ ಐದು ಸಾವಿರಕ್ಕೂ ಹೆಚ್ಚು ನೌಕರರ ಕೆಲಸವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು ಪರಿಶೀಲಿಸಿ 2023ರಲ್ಲಿ ವರದಿ ಪ್ರಕಟಿಸಿದರು. ಎ.ಐ. ನೆರವಿನಿಂದ ಅವರ ಕಾರ್ಯಕ್ಷಮತೆ ಸರಾಸರಿ ಶೇ. 14ರಷ್ಟು ಏರಿತ್ತು; ಹೊಸಬರದ್ದು ಶೇ. 34ರಷ್ಟು. ನುರಿತವರಿಗೆ ದೊರೆತ ಪ್ರಯೋಜನ ಅತ್ಯಲ್ಪ. ನುರಿತವರು ಮಾತಾಡುವ ರೀತಿಯನ್ನು ಯಂತ್ರ ಕಲಿತುಕೊಂಡು ಹೊಸಬರ ಕಿವಿಯಲ್ಲಿ ಉಸುರುತ್ತಿತ್ತು ಎನ್ನಬಹುದು.

ಆದರೆ ಆ ನುರಿತವರು ನುರಿತದ್ದು ಹೇಗೆ? ಅವರ ಕಿವಿಯಲ್ಲಿ ಉಸುರಲು ಯಾರೂ ಇರಲಿಲ್ಲವಲ್ಲ! ಅಮೆರಿಕದ ಗ್ರೀನ್ಸ್‌ಬರೊ ನಗರದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆಯ ಸಂಶೋಧಕರು 1980ರ ದಶಕದಲ್ಲಿ ಯಶಸ್ವಿ ಅಧಿಕಾರಿಗಳನ್ನು ಇದೇ ಪ್ರಶ್ನೆ ಕೇಳಿದ್ದರು. ತರಗತಿಯಲ್ಲಿ ಕಲಿತೆವೆಂದವರು ಕಡಿಮೆ. ಕೈಗೆ ಬಂದ ಕಷ್ಟದ ಕೆಲಸ, ಆದ ತಪ್ಪು, ಜೊತೆಗಿದ್ದ ಹಿರಿಯರು ಇವೇ ಹೆಚ್ಚಾಗಿ ತಮ್ಮನ್ನು ರೂಪಿಸಿದವೆಂದು ಅವರು ಹೇಳಿದರು. ನಾಯಕತ್ವದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಅನುಭವದಿಂದ, ಇಪ್ಪತ್ತು ಪಾಲು ಇತರರಿಂದ, ಹತ್ತು ಪಾಲು ಪಾಠದಿಂದ ಎಂಬ ಪ್ರಸಿದ್ಧ ಲೆಕ್ಕ ಹುಟ್ಟಿದ್ದು ಅಲ್ಲಿಂದಲೇ. ಅಷ್ಟು ದುಂಡನೆಯ ಅಂಕಿಗಳನ್ನು ನಾವು ಅಕ್ಷರಶಃ ನಂಬುವುದಿಲ್ಲ. ಅವುಗಳ ಹಿಂದಿನ ಮಾತನ್ನು ನಂಬುತ್ತೇವೆ. ಅನುಭವ ಸಿಗುತ್ತಿದ್ದುದು ಸಣ್ಣಪುಟ್ಟ ಕೆಲಸಗಳಲ್ಲಿ: ವರದಿ ಬರೆಯುವುದು, ಲೆಕ್ಕ ತಾಳೆ ಮಾಡುವುದು, ಪತ್ರಗಳಿಗೆ ಉತ್ತರಿಸುವುದು. ಎ.ಐ. ಮೊದಲು ಕೈಹಾಕಿರುವುದು ಇವುಗಳಿಗೇ. ಮೇಲಿನ ಮೆಟ್ಟಿಲುಗಳನ್ನು ಅದು ಮುಟ್ಟಿಲ್ಲ. ಕೆಳಗಿನವನ್ನು ಕಿತ್ತುಕೊಂಡು ಹೋಗುತ್ತಿದೆ.

ಕಲಿತವರೂ ಮರೆಯುವರೆಂಬುದಕ್ಕೆ ಪೋಲೆಂಡಿನ ವೈದ್ಯರ ಉದಾಹರಣೆಯಿದೆ. ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟುಗಳನ್ನು ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನಲ್ಲಿ ಹುಡುಕುವ ಅನುಭವಿ ವೈದ್ಯರಿವರು. ನಾಲ್ಕು ಕೇಂದ್ರಗಳಲ್ಲಿ ಎ.ಐ. ನೆರವು ಬರುವ ಮುನ್ನ ಇವರು ಶೇ. 28.4 ಪರೀಕ್ಷೆಗಳಲ್ಲಿ ಗಂಟು ಪತ್ತೆ ಮಾಡುತ್ತಿದ್ದರು. ಎ.ಐ. ಬಂದ ಕೆಲವು ತಿಂಗಳುಗಳ ನಂತರ, ಅದಿಲ್ಲದೆ ನಡೆಸಿದ ಪರೀಕ್ಷೆಗಳಲ್ಲಿ ಈ ಪ್ರಮಾಣ ಶೇ. 22.4ಕ್ಕೆ ಇಳಿದಿತ್ತು. 2025ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಒಂದೇ ಅಧ್ಯಯನದಿಂದ ಕೊನೆಯ ತೀರ್ಮಾನಕ್ಕೆ ಬರುವುದು ತರವಲ್ಲವಾದರೂ, ನುರಿತ ಕಣ್ಣುಗಳ ಗತಿಯೇ ಹೀಗಾದರೆ ಇನ್ನೂ ನೋಡಲು ಕಲಿಯದ ಕಣ್ಣುಗಳ ಗತಿಯೇನು ಎಂಬ ಅಳುಕು ನಮ್ಮನ್ನು ಬಿಟ್ಟಿಲ್ಲ.

ನೋಡುವುದು ಎಂಬ ಮಾತು ಬಂದಾಗ ಕಥೋಲಿಕ ಕುಟುಂಬಗಳು ನೆನೆಯಬೇಕಾದ ಹೆಸರು ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಅವರದು. 1882ರಲ್ಲಿ ಶ್ರಮಜೀವಿ ಕುಟುಂಬದಲ್ಲಿ ಜನಿಸಿದ ಅವರು ಗುರುಮಠದಿಂದ ರಜೆಯಲ್ಲಿ ಮನೆಗೆ ಬಂದಾಗ, ಕಾರ್ಖಾನೆ ಸೇರಿದ್ದ ಬಾಲ್ಯದ ಗೆಳೆಯರು ಅವರನ್ನು ಪರಕೀಯರಂತೆ ಕಂಡರು. 1903ರಲ್ಲಿ ತಂದೆಯ ಮರಣಶಯ್ಯೆಯ ಬಳಿ ನಿಂತು, ತಮ್ಮ ಬದುಕನ್ನು ಕಾರ್ಮಿಕರಿಗೆ ಮುಡಿಪಾಗಿಡುವ ಸಂಕಲ್ಪ ಮಾಡಿದರು. 1912ರಲ್ಲಿ ಬ್ರಸೆಲ್ಸ್ ಬಳಿಯ ಲಾಕೆನ್ ಧರ್ಮಕೇಂದ್ರಕ್ಕೆ ಸಹಾಯಕ ಗುರುಗಳಾಗಿ ಬಂದು ಹೊಲಿಗೆ ಕೆಲಸದ ಹುಡುಗಿಯರನ್ನೂ ಕಾರ್ಖಾನೆಯ ಹುಡುಗರನ್ನೂ ಕೂಡಿಸಿದರು. ಹದಿಮೂರು ಹದಿನಾಲ್ಕರ ಹರೆಯದಲ್ಲೇ ಶಾಲೆ ಬಿಟ್ಟು ದುಡಿಯುವ ಮಕ್ಕಳು ಅಂದು ಅಲ್ಲಿ ಅಸಂಖ್ಯ. ಅಂಥವರಿಗೆ ವಿದ್ಯಾವಂತ ಗುರುಗಳು ಉಪದೇಶ ಕೊಡುವುದೇ ವಾಡಿಕೆಯಾಗಿದ್ದ ಕಾಲವದು. ಕಾರ್ಡೈನ್ ಅವರಾದರೋ ಮಕ್ಕಳನ್ನೇ ಪ್ರಶ್ನೆ ಹಿಡಿದು ಹೋಗುವಂತೆ ಮಾಡಿದರು. ನಿನ್ನ ಪಕ್ಕದಲ್ಲಿ ದುಡಿಯುವವನಿಗೆ ಕೂಲಿ ಎಷ್ಟು, ಎಷ್ಟು ತಾಸು ದುಡಿಮೆ, ಅವನ ಮನೆಯಲ್ಲಿ ಪರಿಸ್ಥಿತಿ ಹೇಗಿದೆ? ವಿಚಾರಿಸಿಕೊಂಡು ಬಂದ ಮೇಲೆ ಒಟ್ಟಿಗೆ ಕುಳಿತು ಅದನ್ನು ಸುವಾರ್ತೆಯ ಬೆಳಕಿನಲ್ಲಿ ತೂಗುವುದು. ಅನಂತರ ತಮ್ಮಿಂದಾಗುವ ಒಂದು ಕೆಲಸವನ್ನು, ಚಿಕ್ಕದಾದರೂ ಸರಿ, ಕೈಗೊಳ್ಳುವುದು. ನೋಡು, ವಿವೇಚಿಸು, ಕಾರ್ಯವೆಸಗು ಎಂಬ ಕ್ರಮ ಹೀಗೆ ರೂಪುಗೊಂಡಿತು. 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕ ಸಂಚಾಲನವು ಪೋಪ್ ಹನ್ನೊಂದನೇ ಪಿಯುಸ್ ಅವರ ಬೆಂಬಲ ಪಡೆಯಿತು. 1961ರಲ್ಲಿ ಪೋಪ್ ಇಪ್ಪತ್ಮೂರನೇ ಜಾನ್ ತಮ್ಮ ವಿಶ್ವಪತ್ರದಲ್ಲಿ ಈ ಮೂರು ಹೆಜ್ಜೆಗಳನ್ನು ಇಡೀ ಧರ್ಮಸಭೆಗೆ ಶಿಫಾರಸು ಮಾಡಿದರು. ನಮ್ಮ ಶಾಲೆಗಳ ವೈ.ಸಿ.ಎಸ್. ಘಟಕಗಳಲ್ಲಿ ಮಕ್ಕಳು ಕಲಿಯುವುದೂ ಇದೇ ಕ್ರಮವನ್ನು.

ಕಾರ್ಡೈನ್ ಅವರ ಮೊದಲ ಸಂಗಡಿಗರಲ್ಲಿ ಫರ್ನಾಂಡ್ ಟೊನೆ ಮತ್ತು ಪಾಲ್ ಗಾರ್ಸೆ ಎಂಬ ಇಬ್ಬರು ಶ್ರೀಸಾಮಾನ್ಯರಿದ್ದರು. ಎರಡನೇ ಮಹಾಯುದ್ಧ ಕಾಲದಲ್ಲಿ ಬಂಧಿತರಾಗಿ, 1945ರಲ್ಲಿ ನಾಜಿಗಳ ಡಾಕೌ ಸೆರೆಶಿಬಿರದಲ್ಲಿ ಅಸುನೀಗಿದರು. ನಾಯಕತ್ವ ತರಬೇತಿಯ ಪರೀಕ್ಷೆ ಕೆಲವೊಮ್ಮೆ ಅಂಥ ಜಾಗದಲ್ಲಿಯೂ ನಡೆಯುತ್ತದೆ.

ಕಾರ್ಡೈನ್ ಅವರ ಮೂರು ಹೆಜ್ಜೆಗಳಲ್ಲಿ ಎ.ಐ. ಎಲ್ಲಿ ನೆರವಾದೀತು? ವಿವೇಚಿಸುವಾಗ ಒಂದಷ್ಟು ಮಾಹಿತಿ ಒದಗಿಸಬಲ್ಲದು. ಸರಕಾರದ ಯೋಜನೆಯ ನಿಯಮವನ್ನು ಸರಳ ಕನ್ನಡದಲ್ಲಿ ವಿವರಿಸಬಲ್ಲದು. ಅರ್ಜಿಯ ಕರಡು ತಯಾರಿಸಿಕೊಡಬಲ್ಲದು. ಮೊದಲ ಹೆಜ್ಜೆಯನ್ನು ಮಾತ್ರ ನಮ್ಮ ಪರವಾಗಿ ಇಡಲಾರದು. ಹಾಸಿಗೆ ಹಿಡಿದ ಅಜ್ಜಿಯ ಮನೆಗೆ ಅದು ಹೋಗಿ ಬಂದಿಲ್ಲ. ತಪ್ಪು ನಿರ್ಧಾರಕ್ಕೆ ಸಭೆಯ ಮುಂದೆ ಎದ್ದು ಉತ್ತರ ಕೊಡುವ ಪ್ರಸಂಗವೂ ಅದಕ್ಕೆ ಬರುವುದಿಲ್ಲ.

ನಾಯಕರನ್ನು ಆರಿಸುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸುವ ಪ್ರವೃತ್ತಿ ಬೆಳೆಯುತ್ತಿದೆ. ಇಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಅಮೆಜಾನ್ ಕಂಪೆನಿ ಉದ್ಯೋಗಾರ್ಥಿಗಳನ್ನು ಅಳೆಯಲು ಇಂಥದೊಂದು ವ್ಯವಸ್ಥೆಯನ್ನು ರೂಪಿಸಿ, ಅದು ಮಹಿಳೆಯರ ಅರ್ಜಿಗಳನ್ನು ಕೀಳಾಗಿ ಎಣಿಸುತ್ತಿದ್ದುದರಿಂದ ಕೈಬಿಟ್ಟ ಸಂಗತಿ 2018ರಲ್ಲಿ ಬೆಳಕಿಗೆ ಬಂತು. ಹಿಂದಿನ ವರ್ಷಗಳಲ್ಲಿ ಬಂದ ಅರ್ಜಿಗಳಲ್ಲಿ ಪುರುಷರದ್ದೇ ಹೆಚ್ಚು. ಯಂತ್ರ ಕಲಿತದ್ದು ಅದನ್ನೇ. ನಮ್ಮ ಪಾಲನಾ ಮಂಡಳಿಗಳ ಹಳೆಯ ಕಡತಗಳನ್ನು ಅದರ ಮುಂದಿಟ್ಟರೆ ಯಾರ ಹೆಸರು ಹೊರಬಂದೀತೆಂದು ಮಹಿಳಾ ಓದುಗರಿಗೆ ನಾವು ಹೇಳಬೇಕಾಗಿಲ್ಲ.

2025ರ ಜನವರಿ 28ರಂದು ವ್ಯಾಟಿಕನ್ ಹೊರಡಿಸಿದ 'ಆಂತಿಕ್ವಾ ಎತ್ ನೋವಾ' ಎಂಬ ಎ.ಐ. ಕುರಿತ ಟಿಪ್ಪಣಿಯು, ವಿದ್ಯಾರ್ಥಿಗಳು ತಾವೇ ಉತ್ತರ ಕಂಡುಕೊಳ್ಳಲು ಪ್ರೇರೇಪಿಸದೆ ಸಿದ್ಧ ಉತ್ತರವನ್ನಷ್ಟೇ ನೀಡುವ ಸಾಧನಗಳ ಬಗ್ಗೆ ಎಚ್ಚರಿಸಿದೆ. ಬೋಧನೆ ಅಲ್ಲಿಂದ ಬಂದೀತು; ಜಾರಿಗೆ ತರಬೇಕಾದವರು ಮನೆಯವರು. ಮಗಳು ವೈ.ಸಿ.ಎಸ್. ಕಾರ್ಯದರ್ಶಿಯಾದಾಗ ವರದಿಯನ್ನು ಎ.ಐ. ಬರೆದುಕೊಟ್ಟರೇನು, ಅಪ್ಪ ಬರೆದುಕೊಟ್ಟರೇನು? ಯಂತ್ರ ಬರುವ ಮೊದಲೂ ಮಕ್ಕಳ ಭಾಷಣಗಳನ್ನು ಬರೆದುಕೊಡುತ್ತಿದ್ದವರು ನಾವೇ ಅಲ್ಲವೇ.

ನಾವು ಆರಂಭದಲ್ಲಿ ಹೇಳಿದ ತರುಣನನ್ನು ಈ ವರ್ಷವೂ ಕಾರ್ಯದರ್ಶಿಯಾಗಿ ಆರಿಸಿದ್ದಾರೆ. ಅಂದಿನ ಸಭೆಯ ಮರುವಾರ ಅವನು ಗುರಿಕಾರರ ವಾಳೆಗೆ ಹೋಗಿ ಮನೆಮನೆ ವಿಚಾರಿಸಿದನಂತೆ. ಶಿಬಿರದ ದಿನವೇ ಅಲ್ಲಿ ಒಂದು ಮನೆಯಲ್ಲಿ ಮರಣ ಸಂಭವಿಸಿ ಎಲ್ಲರೂ ಅಂತ್ಯಕ್ರಿಯೆಯ ಸಿದ್ಧತೆಯಲ್ಲಿದ್ದರು. ಶಿಬಿರ ನಡೆಸಿದವರಿಗೆ ಆ ಸುದ್ದಿಯೇ ತಲುಪಿರಲಿಲ್ಲ. ಈ ಸಲದ ವರದಿಯನ್ನು ಅವನೇ ಬರೆಯುತ್ತಿದ್ದಾನೆ. ಕರಡನ್ನು ನಮಗೆ ತೋರಿಸಿದ. ಕಾಗುಣಿತದ ತಪ್ಪುಗಳು ಹತ್ತಕ್ಕೆ ಕಡಿಮೆಯಿಲ್ಲ, ತಿದ್ದಲು ಎ.ಐ.ಗೆ ಕೊಡಬಹುದೇ ಎಂದು ಕೇಳಿದ. ಧಾರಾಳವಾಗಿ ಕೊಡು ಎಂದೆವು.