ಮೀನುಹಲಗೆಗೆ ಅಂಟಿದ ರೆಕ್ಕೆಯೋ, ಕಳಚುವ ರೆಕ್ಕೆಯೋ?

ಕಡಲು ನಮ್ಮ ಮನೆಯಂಗಳದಲ್ಲೇ ಇದ್ದರೂ ಅದರ ಮೇಲೆ ಆಡುವ ಅಭ್ಯಾಸ ನಮ್ಮ ಹಿರಿಯರಿಗೆ ಇರಲಿಲ್ಲ. ಕಡಲೆಂದರೆ ಮೀನುಗಾರಿಕೆ, ಕಡಲ್ಕೊರೆತ, ಅಮಾವಾಸ್ಯೆಯ ಸಮುದ್ರಸ್ನಾನ, ಇಷ್ಟೇ. ಈಗ ಕಾಲ ಬದಲಾಗಿದೆ. ಮಂಗಳೂರಿನಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರು ದೂರದ ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. 2011ರಲ್ಲಿ ಸರ್ಫಿಂಗ್ ಫೆಡರೇಶನ್ ಆಫ್ ಇಂಡಿಯಾ ಸ್ಥಾಪನೆಗೊಂಡಿತು. 2016ರ ಮೇ ತಿಂಗಳಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆಯಿತು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಸ್ಥಾನ ಪಡೆಯಿತು. 2025ರ ಆಗಸ್ಟಿನಲ್ಲಿ ಮಹಾಬಲಿಪುರದ ಏಷ್ಯನ್ ಸ್ಪರ್ಧೆಯಲ್ಲಿ ರಮೇಶ್ ಬುದಿಹಾಳ್ ಭಾರತಕ್ಕೆ ಕಂಚಿನ ಪದಕ ತಂದರು.

ಇದನ್ನೆಲ್ಲ ಕಂಡ ಮಕ್ಕಳು ನಮಗೂ ಒಂದು ಹಲಗೆ ಬೇಕೆಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ಆದರೆ ಹಲಗೆ ಅಗ್ಗದ ವಸ್ತುವಲ್ಲ. ಒಬ್ಬರ ಸಂಬಳದಲ್ಲಿ ನಡೆಯುವ ಮನೆಯಲ್ಲಿ ಒಮ್ಮೆ ಕೊಂಡದ್ದು ವರ್ಷಗಟ್ಟಲೆ ಬಾಳಬೇಕು. ನಾಲ್ಕು ದಿನದಲ್ಲಿ ಮುರಿದು ಅಟ್ಟ ಸೇರಿದರೆ ಹಣದೊಡನೆ ಮಗುವಿನ ಉತ್ಸಾಹವೂ ಅಟ್ಟ ಸೇರುತ್ತದೆ. ಆದುದರಿಂದ ಕೊಳ್ಳುವ ಮುನ್ನ ತಿಳಿದಿರಬೇಕಾದ ಒಂದು ವಿಷಯವನ್ನು ಇಲ್ಲಿ ಪ್ರಸ್ತಾಪಿಸುತ್ತಿದ್ದೇವೆ.

ಏನಿದು ಮೀನುಹಲಗೆ?

ಗಿಡ್ಡಗೆ, ಅಗಲವಾಗಿ, ಹಿಂಭಾಗ ಮೀನಿನ ಬಾಲದಂತೆ ಸೀಳಿಕೊಂಡಿರುವ ಹಲಗೆಗೆ ‘ಫಿಶ್’ ಎಂದು ಹೆಸರು. 1967ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಸ್ಟೀವ್ ಲಿಸ್ ಎಂಬವರು ಮಂಡಿಯೂರಿ ಸವಾರಿ ಮಾಡುವುದಕ್ಕಾಗಿ ಇದನ್ನು ರೂಪಿಸಿದರು. ಇದರ ಅಡಿಯಲ್ಲಿ ಹಿಂಬದಿಗೆ ಎರಡು ರೆಕ್ಕೆಗಳಿರುತ್ತವೆ. ಎತ್ತರ ಕಡಿಮೆ, ತಳ ಉದ್ದ. ದೋಣಿಯ ಅಡಿಯಲ್ಲಿ ಉದ್ದಕ್ಕೂ ಓಡುವ ಮರಕ್ಕೆ ಕೀಲ್ ಎನ್ನುತ್ತಾರಷ್ಟೆ. ಅದನ್ನು ಹೋಲುವುದರಿಂದ ಇವು ಕೀಲ್ ರೆಕ್ಕೆಗಳು. ಹಲಗೆ ಪಕ್ಕಕ್ಕೆ ಜಾರದಂತೆ ಹಿಡಿಯುವುದು, ಸಣ್ಣ ಅಲೆಯಲ್ಲೂ ವೇಗ ಉಳಿಸುವುದು ಇವುಗಳ ಕೆಲಸ. ಹಲಗೆ ತಿರುಗುವಾಗ ಸವಾರನ ಭಾರವೆಲ್ಲ ರೆಕ್ಕೆಯ ಬುಡದ ಮೇಲೆ ಬೀಳುತ್ತದೆ. ಆದುದರಿಂದ ಆ ಬುಡವನ್ನು ಹಲಗೆಗೆ ಹೇಗೆ ಕೂಡಿಸಿದ್ದಾರೆ ಎಂಬುದೇ ಮುಖ್ಯ ಪ್ರಶ್ನೆ.

ಅಂಟಿಸಿದ ರೆಕ್ಕೆ

ಹಳೆಯ ಕ್ರಮದಲ್ಲಿ ರೆಕ್ಕೆಯನ್ನು ಹಲಗೆಯ ಮೇಲೆ ನಿಲ್ಲಿಸಿ, ಗಾಜಿನೆಳೆಯ ಬಟ್ಟೆಯನ್ನೂ ರಾಳವನ್ನೂ ಹಾಕಿ ಒಂದೇ ಮೈಯಾಗಿ ಮಾಡುತ್ತಾರೆ. ಸಂದಿಯಿಲ್ಲ, ಸ್ಕ್ರೂ ಇಲ್ಲ. ಬುಡದ ಪೂರ್ತಿ ಉದ್ದಕ್ಕೂ ಹಿಡಿತವಿರುವುದರಿಂದ ಉದ್ದ ತಳದ ಕೀಲ್ ರೆಕ್ಕೆಗೆ ಇದು ಹೇಳಿ ಮಾಡಿಸಿದ ಕ್ರಮ. ನುರಿತವರು ಇಂದಿಗೂ ಇದನ್ನೇ ಮೆಚ್ಚುವುದು ಸುಮ್ಮನೆ ಅಲ್ಲ.

ಆದರೆ ಮುರಿದರೆ ಕಷ್ಟ. ರೆಕ್ಕೆ ಕಿತ್ತು ಬರುವಾಗ ಹಲಗೆಯ ಮೈಯನ್ನೂ ಹರಿದುಕೊಂಡು ಬರುತ್ತದೆ. ಆ ಗಾಯದಿಂದ ಉಪ್ಪುನೀರು ಒಳಗಿನ ನೊರೆತಿರುಳಿಗೆ ಇಳಿದರೆ ಹಲಗೆ ಭಾರವಾಗಿ ಕೆಡುತ್ತದೆ. ಕೂಡಲೇ ಒಣಗಿಸಿ ದುರಸ್ತಿ ಮಾಡಿಸಬೇಕು.

ಕಳಚುವ ರೆಕ್ಕೆ

1990ರ ದಶಕದಿಂದ ಬಳಕೆಗೆ ಬಂದ ಕ್ರಮ ಬೇರೆ. ಹಲಗೆಯಲ್ಲಿ ಸಣ್ಣ ಪೆಟ್ಟಿಗೆಗಳನ್ನು ಹುದುಗಿಸಿ, ರೆಕ್ಕೆಯನ್ನು ಅದರೊಳಗೆ ಕೂರಿಸಿ, ಸ್ಕ್ರೂನಿಂದ ಬಿಗಿಯುತ್ತಾರೆ. ಇದರಲ್ಲಿ ಎರಡು ಬಗೆ. ಎಫ್‌ಸಿಎಸ್ ಎಂಬ ಆಸ್ಟ್ರೇಲಿಯದ ಮೂಲ ಕ್ರಮದಲ್ಲಿ ಪ್ರತಿ ರೆಕ್ಕೆಗೂ ಎರಡು ಗುಂಡಿಗಳು. ಫ್ಯೂಚರ್ಸ್ ಎಂಬ ಕ್ರಮದಲ್ಲಿ ಒಂದೇ ಉದ್ದನೆಯ ಪೆಟ್ಟಿಗೆ. ಕೀಲ್ ರೆಕ್ಕೆಯ ತಳ ಸಾಮಾನ್ಯವಾಗಿ ಪೆಟ್ಟಿಗೆಗಿಂತ ಉದ್ದವಾಗಿರುವುದರಿಂದ ತುದಿಗಳು ಹೊರಗೆ ಚಾಚುತ್ತವೆ. ನಡುಭಾಗಕ್ಕೆ ಮಾತ್ರ ಹಿಡಿತ. ಹೀಗಾಗಿ ಎರಡು ಗುಂಡಿಗಳಿಗಿಂತ ಒಂದೇ ಉದ್ದ ಪೆಟ್ಟಿಗೆ ಲೇಸು.

ಕಳಚುವ ರೆಕ್ಕೆಯೆಂದರೆ ಅದರ ಜಾಗವನ್ನೂ ಬೇಕಾದಲ್ಲಿಗೆ ಸರಿಸಬಹುದೆಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಬದಲಾಯಿಸಬಹುದಾದದ್ದು ರೆಕ್ಕೆಯನ್ನು, ಸ್ಥಾನ ಹಲಗೆ ಮಾಡುವಾಗಲೇ ನಿಶ್ಚಯವಾಗಿರುತ್ತದೆ. ಉಪ್ಪುನೀರಿಗೆ ಸ್ಕ್ರೂ ತುಕ್ಕು ಹಿಡಿಯುವುದೂ, ಸಡಿಲವಾಗಿ ರೆಕ್ಕೆಯೇ ಕಡಲುಪಾಲಾಗುವುದೂ ಉಂಟು. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು, ನೀರಿಗಿಳಿಯುವ ಮುನ್ನ ಬಿಗಿ ನೋಡುವುದು ಅಗತ್ಯ.

ನಮ್ಮ ಕಡಲಿಗೆ ಯಾವುದು?

ಕಡಲಿಲ್ಲದ ನಾಡಿನ ರೈತನೂ ಈ ಪ್ರಶ್ನೆಗೆ ಉತ್ತರ ಬಲ್ಲ. ಆಂಧ್ರದ ರಾಯದುರ್ಗ, ಮಡಕಶಿರಾ ಕಡೆಯ ಒಣಭೂಮಿಯಲ್ಲಿ ಉಳುವ ಕನ್ನಡಿಗನನ್ನು ಕೇಳಿ. ಮರದ ನೇಗಿಲಿಗೆ ಕಬ್ಬಿಣದ ಗುಳ ಬೇರೆಯೇ. ಸವೆದರೆ ಗುಳವನ್ನಷ್ಟೇ ಕಳಚಿ ಕುಲುಮೆಗೆ ಒಯ್ದರಾಯಿತು, ನೇಗಿಲನ್ನು ಹೊರಬೇಕಾಗಿಲ್ಲ. ಇಂದಿನ ಟ್ರ್ಯಾಕ್ಟರಿನ ಕಲ್ಟಿವೇಟರಿಗೂ ಮಣ್ಣಿಗೆ ತಾಗುವ ತುದಿಯನ್ನು ಬೋಲ್ಟಿನಿಂದಲೇ ಬಿಗಿದಿರುತ್ತಾರೆ. ಕಲ್ಲಿಗೆ ಬಡಿಯುವ ಭಾಗ ಕಳಚುವಂತಿರಬೇಕು ಎಂಬುದೇ ಇದರ ಮರ್ಮ. ನಮ್ಮ ಮೀನುಗಾರರೂ ದಡ ಸಮೀಪಿಸಿದಾಗ ಔಟ್‌ಬೋರ್ಡ್ ಇಂಜಿನನ್ನು ಮೇಲಕ್ಕೆತ್ತುವುದು ತಳ ಬಡಿಯಬಾರದೆಂದೇ ಅಲ್ಲವೆ?

ಸಸಿಹಿತ್ಲಿನಲ್ಲಿ ನಂದಿನಿ, ಶಾಂಭವಿ ನದಿಗಳು ಕಡಲು ಸೇರುತ್ತವೆ. ಅಳಿವೆಯ ಬಳಿ ಮರಳದಿಬ್ಬ ಜಾಗ ಬದಲಿಸುತ್ತಿರುತ್ತದೆ; ನಿನ್ನೆ ಆಳವಿದ್ದಲ್ಲಿ ಇಂದು ಮೊಣಕಾಲು ನೀರು. ಕಲಿಯುವವರು ದಡದವರೆಗೂ ಹಲಗೆಯ ಮೇಲೆಯೇ ಬಂದು ರೆಕ್ಕೆಯನ್ನು ನೆಲಕ್ಕೆ ಬಡಿಯುವುದು ಸಹಜ. ಆಗ ಕಳಚುವ ರೆಕ್ಕೆ ಮುರಿದರೂ ಬಹುಮಟ್ಟಿಗೆ ಹಲಗೆ ಉಳಿಯುತ್ತದೆ. ಇನ್ನು ಕಾಸರಗೋಡಿನಿಂದ ಮೂಲ್ಕಿಗೆ ಸುಮಾರು 80 ಕಿಲೋಮೀಟರು. ರೈಲು, ಬಸ್ಸುಗಳ ನೂಕುನುಗ್ಗಲಿನಲ್ಲಿ ರೆಕ್ಕೆ ಕಳಚಿಟ್ಟ ಹಲಗೆಯನ್ನು ಒಯ್ಯುವುದು ಸುಲಭ, ಪಕ್ಕದವರಿಗೂ ತಿವಿಯುವುದಿಲ್ಲ.

ಅಂಟಿಸಿದ ರೆಕ್ಕೆಯ ಹಲಗೆ ಈಗಾಗಲೇ ಮನೆಗೆ ಬಂದಿದ್ದರೆ ಎದೆಗುಂದಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಫೈಬರ್ ದೋಣಿಗಳನ್ನು ದುರಸ್ತಿ ಮಾಡುವವರಿದ್ದಾರೆ. ಅವರು ಬಳಸುವುದೂ ಗಾಜಿನೆಳೆ ಮತ್ತು ರಾಳವನ್ನೇ. ಆದರೆ ಒಂದು ಎಚ್ಚರಿಕೆ: ದೋಣಿಗೆ ಹಚ್ಚುವ ಪಾಲಿಯೆಸ್ಟರ್ ರಾಳ ಥರ್ಮೋಕೋಲ್ ಜಾತಿಯ ತಿರುಳನ್ನು ಕರಗಿಸಿಬಿಡುತ್ತದೆ. ಅಂಥ ಹಲಗೆಗೆ ಎಪಾಕ್ಸಿ ರಾಳವೇ ಆಗಬೇಕು. ತಿರುಳು ಯಾವುದೆಂದು ಕೊಳ್ಳುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಜಾಣತನ.

ಒಟ್ಟಿನಲ್ಲಿ, ಮೊದಲ ಮೀನುಹಲಗೆಗೆ ಉದ್ದ ಪೆಟ್ಟಿಗೆಯ ಕಳಚುವ ರೆಕ್ಕೆಯೇ ತಕ್ಕದ್ದೆಂದು ನಮ್ಮ ಅಭಿಪ್ರಾಯ. ಅಂಟಿಸಿದ ರೆಕ್ಕೆಯ ಸೊಗಸು ಕಾಲಿಗೆ ತಿಳಿಯಬೇಕಾದರೆ ಕೆಲವು ವರ್ಷಗಳ ಅಭ್ಯಾಸ ಬೇಕು. ಎರಡನೆಯ ಹಲಗೆಯ ಯೋಗ ಬಂದಾಗ ಅದನ್ನು ಯೋಚಿಸಬಹುದು. ಯಾವ ರೆಕ್ಕೆಯಾದರೂ ಅದರ ಅಂಚು ಮೈ ಕೊಯ್ಯುವಷ್ಟು ಹರಿತವಾಗಿದ್ದರೆ ಮರಳುಕಾಗದದಿಂದ ತುಸು ಉಜ್ಜಿ ಮೊಂಡಾಗಿಸಿ. ಈಜು ಬಾರದ ಮಕ್ಕಳಿಗೆ ಹಲಗೆ ಕೊಡಿಸಬೇಡಿ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲದ ಕಡಲಿಗೆ ಹೊಸಬರನ್ನು ಇಳಿಸಲೇಬೇಡಿ. ಮೊದಲ ಪಾಠ ಬಲ್ಲವರ ಕಣ್ಣೆದುರೇ ಆಗಲಿ.